ಸಾವಿರ, ಲಕ್ಷ, ಕೋಟಿ: ಪಿಎಚ್ ಅಳತೆ ಕೊಟ್ಟ ಸೋರೆನ್‌ಸೆನ್

ಬೋಧನಾಭ್ಯಾಸಕ್ಕೆಂದು ನನ್ನನ್ನು ಮಂಡ್ಯ ಜಿಲ್ಲೆಯ ಒಂದು ಹಳ್ಳಿಯ ಪ್ರೌಢಶಾಲೆಗೆ ನಿಯೋಜಿಸಿದ್ದರು. ಹತ್ತನೆಯ ತರಗತಿ, ಆಮ್ಲಗಳು, ಪ್ರತ್ಯಾಮ್ಲಗಳು ಮತ್ತು ಲವಣಗಳು ಘಟಕ. ಮೂರನೆಯ ಪಾಠದ ದಿನ ಪಿಎಚ್ ಮಾಪಕದ ಬಣ್ಣದ ಚಾರ್ಟ್ ತೂಗುಹಾಕಿದೆ. ಸೊನ್ನೆಯಿಂದ ಹದಿನಾಲ್ಕರವರೆಗೆ ಅಳತೆ, ಏಳು ತಟಸ್ಥ, ಏಳಕ್ಕಿಂತ ಕಡಿಮೆಯಾದರೆ ಆಮ್ಲ, ಹೆಚ್ಚಾದರೆ ಪ್ರತ್ಯಾಮ್ಲ ಎಂದು ಹೇಳಿಕೊಟ್ಟು, ಮಕ್ಕಳಿಂದಲೂ ಹೇಳಿಸಿದೆ. ಪಾಠಯೋಜನೆಯಲ್ಲಿ ಬರೆದುಕೊಂಡಿದ್ದ ಮೌಲ್ಯಮಾಪನದ ಪ್ರಶ್ನೆಗಳಿಗೆಲ್ಲ ಸರಿಯಾದ ಉತ್ತರ ಬಂತು. ಪಾಠ ಗೆದ್ದಿತೆಂದೇ ಅಂದುಕೊಂಡೆ.

ಗಂಟೆ ಹೊಡೆಯಲು ಐದು ನಿಮಿಷವಿರುವಾಗ ಕೊನೆಯ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. ಹುಳಿ ಹೆಚ್ಚಾದರೆ ಅಂಕಿಯೂ ಹೆಚ್ಚಾಗಬೇಕಲ್ಲವೇ ಮಿಸ್, ಯಾಕೆ ಕಡಿಮೆಯಾಗುತ್ತದೆ ಎಂದು ಕೇಳಿದಳು. ತಟಸ್ಥಕ್ಕೆ ಏಳು ಎಂದು ಯಾರು ಇಟ್ಟರು, ಹತ್ತು ಅಂತಲೋ ನೂರು ಅಂತಲೋ ಯಾಕೆ ಇಡಲಿಲ್ಲ ಎಂದೂ ಕೇಳಿದಳು. ಅವರ ಮನೆಯಲ್ಲಿ ಆಲೆಮನೆ ಇದೆ. ಕೊಪ್ಪರಿಗೆಯಲ್ಲಿ ಕಾಯುವ ಕಬ್ಬಿನ ಹಾಲಿಗೆ ಎಷ್ಟು ಸುಣ್ಣ ಬೇಕೆಂದು ಅವಳ ತಾತ ಬರೀ ಕಣ್ಣಳತೆಯಲ್ಲಿ ಹೇಳುತ್ತಾರಂತೆ. ಸುಣ್ಣ ಹೆಚ್ಚಾದರೆ ಬೆಲ್ಲ ಕಪ್ಪಾಗುತ್ತದೆ, ಕಡಿಮೆಯಾದರೆ ಅಚ್ಚು ಗಟ್ಟಿಯಾಗಿ ನಿಲ್ಲುವುದಿಲ್ಲ. ಹಾಗಾದರೆ ಸಕ್ಕರೆ ಕಾರ್ಖಾನೆಯಲ್ಲಿ ಯಾರ ತಾತ ಇದ್ದಾರೆ ಎಂದು ಇನ್ನೊಬ್ಬ ಹುಡುಗ ಕೂಗಿದ. ತರಗತಿ ನಕ್ಕಿತು. ನಾನೂ ನಕ್ಕೆ, ಆದರೆ ಉತ್ತರ ಗೊತ್ತಿರಲಿಲ್ಲ. ನಾಳೆ ನೋಡೋಣ ಎಂದು ಹೇಳಿ ಚಾರ್ಟ್ ಸುತ್ತಿಕೊಂಡೆ.

ಮಾರ್ಗದರ್ಶಕ ಶಿಕ್ಷಕಿ ನನ್ನ ವೀಕ್ಷಣಾ ಪುಸ್ತಕದಲ್ಲಿ ಕಪ್ಪುಹಲಗೆಯ ಬಳಕೆ ಉತ್ತಮ, ಧ್ವನಿ ಸ್ಪಷ್ಟ ಎಂದು ಬರೆದು, ಕೆಳಗೆ ಇನ್ನೊಂದು ಸಾಲು ಸೇರಿಸಿದ್ದರು. ಅಂಕಿಯನ್ನು ಕೊಟ್ಟಿದ್ದೀರಿ, ಅಳತೆಯನ್ನು ಕೊಟ್ಟಿಲ್ಲ ಎಂಬುದು ಅದರ ಸಾರಾಂಶ. ಅಂದು ಸಂಜೆ ಕಾಲೇಜಿನ ಗ್ರಂಥಾಲಯದಲ್ಲಿ ಕುಳಿತು ಆ ಅಳತೆಯನ್ನು ತಂದವರ ಬದುಕನ್ನು ಹುಡುಕಿ ಓದಿದೆ. ಮುಂದಿನ ಮೂರು ಅವಧಿಗಳಲ್ಲಿ ಅದನ್ನೇ ಕಥೆಯಾಗಿ ಹೇಳುತ್ತ ಪಾಠವನ್ನು ಮತ್ತೆ ಕಟ್ಟಿದೆ. ಈ ಘಟಕ ಮಾಡಲಿರುವ ಸಹಪ್ರಶಿಕ್ಷಣಾರ್ಥಿಗಳಿಗೆ ಉಪಯೋಗವಾಗಲೆಂದು ಆ ಕಥೆಯನ್ನು ಇಲ್ಲಿ ಬರೆಯುತ್ತಿದ್ದೇನೆ.

ಅವರ ಪೂರ್ಣ ಹೆಸರು ಸೋರೆನ್ ಪೇಡರ್ ಲೌರಿಟ್ಸ್ ಸೋರೆನ್‌ಸೆನ್. ಹುಟ್ಟಿದ್ದು 1868ರ ಜನವರಿ 9ರಂದು, ಡೆನ್ಮಾರ್ಕ್ ದೇಶದ ಹಾವ್ರೆಬ್ಯೆರ್ಗ್ ಎಂಬ ಹಳ್ಳಿಯಲ್ಲಿ. ತಂದೆ ರೈತರು. ಈ ಒಂದು ಮಾತು ಹೇಳಿದಾಗಲೇ ನನ್ನ ತರಗತಿಯ ಮಕ್ಕಳು ಸ್ವಲ್ಪ ನೆಟ್ಟಗೆ ಕುಳಿತರು. ಹದಿನೆಂಟನೆಯ ವಯಸ್ಸಿನಲ್ಲಿ ಸೋರೆನ್‌ಸೆನ್ ಕೋಪನ್‌ಹೇಗನ್ ವಿಶ್ವವಿದ್ಯಾಲಯ ಸೇರಿದರು. ಮೊದಲು ಹಿಡಿದದ್ದು ವೈದ್ಯಶಾಸ್ತ್ರ. ಅಲ್ಲಿ ಎಸ್.ಎಂ. ಯೋರ್ಗೆನ್ಸೆನ್ ಎಂಬ ರಸಾಯನಶಾಸ್ತ್ರದ ಪ್ರಾಧ್ಯಾಪಕರಿದ್ದರು. ಲೋಹಗಳ ಸಂಕೀರ್ಣ ಸಂಯುಕ್ತಗಳ ಅಧ್ಯಯನದಲ್ಲಿ ಯುರೋಪಿನಲ್ಲೆಲ್ಲ ಹೆಸರಾದವರು. ಅವರ ಪ್ರಭಾವದಿಂದ ಸೋರೆನ್‌ಸೆನ್ ವೈದ್ಯಶಾಸ್ತ್ರ ಬಿಟ್ಟು ರಸಾಯನಶಾಸ್ತ್ರಕ್ಕೆ ಬಂದರು. 1899ರಲ್ಲಿ ಕೋಬಾಲ್ಟ್ ಲೋಹದ ಸಂಯುಕ್ತಗಳ ಮೇಲೆ ಡಾಕ್ಟರೇಟ್ ಪಡೆದರು. ಜೀವರಸಾಯನಕ್ಕೂ ಇವರಿಗೂ ಅಲ್ಲಿಯವರೆಗೆ ಹೆಚ್ಚಿನ ನಂಟಿರಲಿಲ್ಲ.

1901ರಲ್ಲಿ, ಮೂವತ್ತಮೂರನೆಯ ವಯಸ್ಸಿನಲ್ಲಿ, ಅವರು ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದ ರಸಾಯನಶಾಸ್ತ್ರ ವಿಭಾಗದ ಮುಖ್ಯಸ್ಥರಾದರು. ಕಾರ್ಲ್ಸ್‌ಬರ್ಗ್ ಎಂಬುದು ಬಿಯರ್ ತಯಾರಿಸುವ ಕಾರ್ಖಾನೆ. ಅದನ್ನು ಮಕ್ಕಳಿಗೆ ಹೇಳುವುದೋ ಬೇಡವೋ ಎಂದು ನಾನು ಹಿಂಜರಿದೆ. ಮುಚ್ಚಿಡಬೇಡಿ, ಅಲ್ಲಿ ನಡೆಯುವ ಕ್ರಿಯೆಯನ್ನು ಹೇಳಿ ಸಾಕು ಎಂದು ಮಾರ್ಗದರ್ಶಕ ಶಿಕ್ಷಕಿ ಸಲಹೆ ಕೊಟ್ಟರು. ಆದ್ದರಿಂದ ರಾಗಿ ಮಾಲ್ಟಿನಿಂದ ಶುರುಮಾಡಿದೆ. ರಾಗಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿ ಬೀಸಿದ ಹಿಟ್ಟಿಗೆ ಒಂದು ಸಿಹಿ ಬರುತ್ತದೆ. ಮೊಳಕೆಯೊಡೆಯುವಾಗ ಹುಟ್ಟುವ ಕಿಣ್ವಗಳು ಪಿಷ್ಟವನ್ನು ಒಡೆದು ಸಕ್ಕರೆ ಮಾಡುವುದರಿಂದ ಬರುವ ಸಿಹಿ ಅದು. ಕಾರ್ಲ್ಸ್‌ಬರ್ಗಿನಲ್ಲಿ ರಾಗಿಯ ಬದಲು ಬಾರ್ಲಿ. ಮೊಳಕೆ ಬಂದ ಬಾರ್ಲಿಯನ್ನು ಬಿಸಿನೀರಿನಲ್ಲಿ ಕಲಸಿದಾಗ ಕಿಣ್ವಗಳು ಪಿಷ್ಟವನ್ನು ಸಕ್ಕರೆಯಾಗಿಸುತ್ತವೆ, ಆಮೇಲೆ ಯೀಸ್ಟ್ ಆ ಸಕ್ಕರೆಯನ್ನು ಹುದುಗಿಸುತ್ತದೆ. ದೊಡ್ಡ ದೊಡ್ಡ ತೊಟ್ಟಿಗಳಲ್ಲಿ ನಡೆಯುವ ಈ ಕೆಲಸ ಇಂದು ಒಂದು ಥರ, ನಾಳೆ ಒಂದು ಥರ ಆದರೆ ಕಾರ್ಖಾನೆ ನಡೆಯುವುದಿಲ್ಲ.

ಅದಕ್ಕಾಗಿಯೇ ಕಾರ್ಖಾನೆಯ ಒಡೆಯ ಜೆ.ಸಿ. ಯಾಕೋಬ್‌ಸೆನ್ 1875ರಲ್ಲಿ ಆ ಪ್ರಯೋಗಾಲಯವನ್ನು ತೆರೆದಿದ್ದರು. ಅಲ್ಲಿ ಕಂಡುಕೊಂಡದ್ದನ್ನು ಗುಟ್ಟಾಗಿ ಇಟ್ಟುಕೊಳ್ಳದೆ ಪ್ರಕಟಿಸಬೇಕೆಂಬುದು ಅವರು ಇಟ್ಟ ನಿಯಮ. 1883ರಲ್ಲಿ ಎಮಿಲ್ ಕ್ರಿಶ್ಚಿಯನ್ ಹಾನ್ಸೆನ್ ಅಲ್ಲಿಯೇ ಶುದ್ಧ ಯೀಸ್ಟನ್ನು ಬೇರ್ಪಡಿಸಿ ಬೆಳೆಸಿದರು. ಆ ಯೀಸ್ಟನ್ನು ಕಾರ್ಲ್ಸ್‌ಬರ್ಗ್ ಬೇರೆ ತಯಾರಕರಿಗೂ ಕೊಟ್ಟಿತು. ಅದೇ ವರ್ಷ, ಸೋರೆನ್‌ಸೆನ್‌ಗಿಂತ ಮೊದಲು ಆ ವಿಭಾಗದ ಮುಖ್ಯಸ್ಥರಾಗಿದ್ದ ಯೊಹಾನ್ ಕೆಲ್ಡಾಲ್, ಕಾಳಿನಲ್ಲಿರುವ ಸಾರಜನಕವನ್ನು ಅಳೆದು ಅದರಿಂದ ಪ್ರೋಟೀನಿನ ಪ್ರಮಾಣ ತಿಳಿಯುವ ವಿಧಾನವನ್ನು ಪ್ರಕಟಿಸಿದರು. ಇಂದಿಗೂ ಧಾನ್ಯ, ಹಾಲು, ಮೇವುಗಳ ಪ್ರೋಟೀನನ್ನು ಆ ವಿಧಾನದಿಂದ ಅಳೆಯುತ್ತಾರೆ. 1900ರಲ್ಲಿ ಕೆಲ್ಡಾಲ್ ತೀರಿಕೊಂಡರು. ಸೋರೆನ್‌ಸೆನ್ ಕುಳಿತದ್ದು ಅವರ ಜಾಗದಲ್ಲಿ. ಅಳತೆಯನ್ನೇ ಮುಖ್ಯವೆಂದು ತಿಳಿದ ಮನೆ ಅದು.

ಸೋರೆನ್‌ಸೆನ್ ಅಲ್ಲಿ ಅಮೈನೋ ಆಮ್ಲ, ಪ್ರೋಟೀನ್, ಕಿಣ್ವಗಳ ಕೆಲಸ ಕೈಗೆತ್ತಿಕೊಂಡರು. ಕಿಣ್ವಗಳ ಜೊತೆ ಕೆಲಸ ಮಾಡುವವರನ್ನು ಒಂದು ತೊಂದರೆ ಕಾಡುತ್ತಿತ್ತು. ಕಿಣ್ವ ಅದೇ, ಸಕ್ಕರೆ ಅದೇ, ಶಾಖವೂ ಅಷ್ಟೇ. ಆದರೂ ದ್ರಾವಣದ ಆಮ್ಲೀಯತೆ ಚೂರು ಬದಲಾದರೆ ಕೆಲಸದ ವೇಗ ಬದಲಾಗಿಬಿಡುತ್ತಿತ್ತು. ಹಾಗಾದರೆ ಆಮ್ಲೀಯತೆಯನ್ನು ಅಳೆದು ಬರೆದಿಟ್ಟರಾಯಿತಲ್ಲ? ಅಳೆಯುತ್ತಿದ್ದರು, ಆದರೆ ನಾವು ಪ್ರಯೋಗಶಾಲೆಯಲ್ಲಿ ಬ್ಯುರೆಟ್ ಹಿಡಿದು ಮಾಡುವ ಅನುಮಾಪನದಿಂದ. ಅದು ದ್ರಾವಣದಲ್ಲಿರುವ ಒಟ್ಟು ಆಮ್ಲವನ್ನು ಹೇಳುತ್ತದೆ. ಕಿಣ್ವಕ್ಕೆ ತಾಗುವುದು ಒಟ್ಟು ಆಮ್ಲವಲ್ಲ, ಆ ಗಳಿಗೆಯಲ್ಲಿ ಬಿಡಿಯಾಗಿರುವ ಹೈಡ್ರೋಜನ್ ಅಯಾನು.

ಈ ವ್ಯತ್ಯಾಸ ತಿಳಿಸಲು ನಾನು ಊರಿನ ಲೆಕ್ಕ ಹಾಕಿದೆ. ಸಾವಿರ ಜನರ ಎರಡು ಊರುಗಳಿವೆ ಎಂದುಕೊಳ್ಳಿ. ಒಂದೂರಿನಲ್ಲಿ ಸಾವಿರ ಜನರೂ ಕಬ್ಬು ಕಡಿಯಲು ಗದ್ದೆಗೆ ಇಳಿದಿದ್ದಾರೆ. ಇನ್ನೊಂದೂರಿನಲ್ಲಿ ಗದ್ದೆಗೆ ಬಂದವರು ಹದಿಮೂರು ಜನ, ಉಳಿದವರು ಮನೆಯಲ್ಲಿದ್ದಾರೆ. ಜನಗಣತಿ ಮಾಡಿದರೆ ಎರಡೂ ಊರು ಒಂದೇ. ಆದರೆ ಗದ್ದೆಯಲ್ಲಿ ಇಂದು ಎಷ್ಟು ಕೆಲಸವಾಗುತ್ತದೆ ಎಂದು ಕೇಳಿದರೆ ಒಂದೇ ಅಲ್ಲ. ಮೊದಲ ಊರು ಹೈಡ್ರೋಕ್ಲೋರಿಕ್ ಆಮ್ಲ, ಎರಡನೆಯ ಊರು ವಿನೆಗರ್‌ನಲ್ಲಿರುವ ಅಸಿಟಿಕ್ ಆಮ್ಲ. ಎರಡನ್ನೂ ಲೀಟರಿಗೆ 0.1 ಮೋಲ್‌ನಂತೆ ತೆಗೆದುಕೊಂಡರೆ ತಟಸ್ಥಗೊಳಿಸಲು ಬೇಕಾಗುವ ಕ್ಷಾರ ಸಮ. ಆದರೆ ಅಸಿಟಿಕ್ ಆಮ್ಲದ ಸಾವಿರ ಅಣುಗಳಲ್ಲಿ ಸುಮಾರು ಹದಿಮೂರು ಮಾತ್ರ ಅಯಾನುಗಳಾಗಿರುತ್ತವೆ. ಒಂದರ ಪಿಎಚ್ 1, ಇನ್ನೊಂದರದು ಸುಮಾರು 2.9. ಅನುಮಾಪನ ಜನಗಣತಿ, ಪಿಎಚ್ ಎಂದರೆ ಗದ್ದೆಗೆ ಬಂದವರ ಹಾಜರಿ. ಪ್ರಬಲ ಆಮ್ಲ, ದುರ್ಬಲ ಆಮ್ಲ ಎಂಬ ಪಾಠವೂ ಇಲ್ಲಿಯೇ ಮುಗಿಯಿತು.

ಆ ಹಾಜರಿಯನ್ನು ತೆಗೆದುಕೊಳ್ಳಲು ಸೋರೆನ್‌ಸೆನ್ ಬಳಸಿದ್ದು ಹೈಡ್ರೋಜನ್ ಇಲೆಕ್ಟ್ರೋಡ್. ನುಣ್ಣನೆಯ ಪ್ಲಾಟಿನಂ ಪುಡಿ ಲೇಪಿಸಿದ ಪ್ಲಾಟಿನಂ ತುಂಡನ್ನು ದ್ರಾವಣದಲ್ಲಿ ಇಟ್ಟು, ಅದಕ್ಕೆ ಹೈಡ್ರೋಜನ್ ಅನಿಲ ಹಾಯಿಸಬೇಕು. ಇನ್ನೊಂದು ಕಡೆ ಬದಲಾಗದ ವೋಲ್ಟೇಜ್ ಕೊಡುವ ಮತ್ತೊಂದು ಇಲೆಕ್ಟ್ರೋಡ್ ಜೋಡಿಸಬೇಕು. ಎರಡರ ನಡುವಿನ ವಿದ್ಯುತ್ ವಿಭವಾಂತರ ದ್ರಾವಣದ ಹೈಡ್ರೋಜನ್ ಅಯಾನುಗಳಿಗೆ ತಕ್ಕಂತೆ ಬದಲಾಗುತ್ತದೆ. ಈ ಇಲೆಕ್ಟ್ರೋಡ್ ಅವರ ಆವಿಷ್ಕಾರವಲ್ಲ, ಮೊದಲೇ ಇತ್ತು. ಕಿಣ್ವದ ಪ್ರಯೋಗಗಳಿಗೆ ಒಗ್ಗುವಂತೆ, ಮತ್ತೆ ಮತ್ತೆ ಮಾಡಿದರೂ ಒಂದೇ ಉತ್ತರ ಬರುವಂತೆ ಅದನ್ನು ಪಳಗಿಸಿದ್ದು ಅವರ ಸಾಧನೆ.

ಅಳೆದು ಬಂದ ಸಂಖ್ಯೆಗಳು ಮಾತ್ರ ಕೈಗೆ ಸಿಗದಷ್ಟು ಸಣ್ಣವು. ನಾನು ಕಪ್ಪುಹಲಗೆಯ ಮೇಲೆ 0.001, 0.00001, 0.0000001 ಎಂದು ಮೂರು ಸಾಲು ಬರೆದೆ. ಓದಿ ಎಂದರೆ ಮಕ್ಕಳು ಸೊನ್ನೆ ಎಣಿಸುತ್ತ ತಡವರಿಸಿದರು. ಆಗ ಅವರ ಬಾಯಲ್ಲಿರುವ ಲೆಕ್ಕವನ್ನೇ ಹಿಡಿದೆ. ಮೊದಲನೆಯದು ಸಾವಿರದಲ್ಲೊಂದು ಪಾಲು, ಎರಡನೆಯದು ಲಕ್ಷದಲ್ಲೊಂದು ಪಾಲು, ಮೂರನೆಯದು ಕೋಟಿಯಲ್ಲೊಂದು ಪಾಲು. ಸಾವಿರ ಬರೆಯಲು ಒಂದರ ಮುಂದೆ ಎಷ್ಟು ಸೊನ್ನೆ? ಮೂರು. ಲಕ್ಷಕ್ಕೆ? ಐದು. ಕೋಟಿಗೆ? ತರಗತಿಯೆಲ್ಲ ಒಟ್ಟಿಗೆ ಏಳು ಎಂದಿತು, ಮರುಗಳಿಗೆ ಸುಮ್ಮನಾಯಿತು. ಆ ಏಳೇ ಈ ಏಳು ಎಂದು ಕೆಲವರಿಗೆ ಆಗಲೇ ಹೊಳೆದಿತ್ತು. ಕೊನೆಯ ಬೆಂಚಿನ ಹುಡುಗಿಯ ಮುಖ ನೋಡಿದೆ, ಅವಳಿಗೂ ಹೊಳೆದಿತ್ತು.

ಹೈಡ್ರೋಜನ್ನಿನ ಪರಮಾಣು ರಾಶಿ ಒಂದು. ಹಾಗಾಗಿ ಒಂದು ಲೀಟರ್ ಶುದ್ಧ ನೀರಿನಲ್ಲಿ ಸುಮಾರು ಒಂದು ಗ್ರಾಮಿನ ಕೋಟಿಯಲ್ಲೊಂದು ಪಾಲು ಹೈಡ್ರೋಜನ್ ಅಯಾನು ಇರುತ್ತದೆ, ಅದರ ಪಿಎಚ್ 7. ಲಕ್ಷದಲ್ಲೊಂದು ಪಾಲಿದ್ದರೆ 5, ಸಾವಿರದಲ್ಲೊಂದು ಪಾಲಿದ್ದರೆ 3. ಸಾವಿರದಲ್ಲೊಂದು ಪಾಲು ಕೋಟಿಯಲ್ಲೊಂದು ಪಾಲಿಗಿಂತ ದೊಡ್ಡದು, ಆದರೆ ಸೊನ್ನೆಗಳು ಕಡಿಮೆ. ಹುಳಿ ಹೆಚ್ಚಿದಂತೆ ಅಂಕಿ ಇಳಿಯುವುದು ಇದೇ ಕಾರಣಕ್ಕೆ. ಮೆಟ್ಟಿಲೊಂದು ಇಳಿದರೆ ಅಯಾನು ಹತ್ತುಪಟ್ಟು ಹೆಚ್ಚು, ಎರಡು ಇಳಿದರೆ ನೂರುಪಟ್ಟು. ಸೋರೆನ್‌ಸೆನ್ 10ರ ಘಾತದಲ್ಲಿ ಬರುವ ಋಣ ಚಿಹ್ನೆಯನ್ನು ಬಿಟ್ಟು, ಉಳಿದ ಘಾತಾಂಕವನ್ನೇ ಅಳತೆಯಾಗಿ ಇಟ್ಟರು. 1909ರಲ್ಲಿ ಕಿಣ್ವಗಳ ಕುರಿತ ಪ್ರಬಂಧದಲ್ಲಿ ಇದನ್ನು ಪ್ರಕಟಿಸಿದಾಗ ಅವರಿಗೆ ನಲವತ್ತೊಂದು ವರ್ಷ. ಆ ಪ್ರಬಂಧದಲ್ಲಿ ಪರೀಕ್ಷೆಗೆ ಒಳಗಾದ ಕಿಣ್ವಗಳಲ್ಲಿ ಇನ್ವರ್ಟೇಸ್ ಒಂದು. ಕಬ್ಬಿನ ಸಕ್ಕರೆಯನ್ನು, ಅಂದರೆ ಸುಕ್ರೋಸನ್ನು, ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗಿ ಒಡೆಯುವ ಕಿಣ್ವ ಅದು. ನಮ್ಮ ಗದ್ದೆಯ ಸಕ್ಕರೆ ಪಿಎಚ್‌ನ ಹುಟ್ಟಿನಲ್ಲೇ ಪಾಲುಗೊಂಡಿತ್ತು ಎಂದಾಗ ಮಕ್ಕಳಿಗೆ ಖುಷಿಯಾಯಿತು.

ಆದರೆ ಹೈಡ್ರೋಜನ್ ಇಲೆಕ್ಟ್ರೋಡ್ ಎಲ್ಲರ ಕೈಗೆಟುಕುವ ಉಪಕರಣವಲ್ಲ. ಸೋರೆನ್‌ಸೆನ್ ಅದನ್ನೂ ಯೋಚಿಸಿದ್ದರು. ಅದೇ ಪ್ರಬಂಧದಲ್ಲಿ ಬಣ್ಣದ ಸೂಚಕಗಳಿಂದ ಅಳೆಯುವ ದಾರಿಯನ್ನೂ ವಿವರವಾಗಿ ಕೊಟ್ಟರು. ಹಲವಾರು ಸೂಚಕಗಳನ್ನು ಪರೀಕ್ಷಿಸಿ, ಯಾವುದು ಎಲ್ಲಿಂದ ಎಲ್ಲಿಯವರೆಗೆ ಬಣ್ಣ ಬದಲಿಸುತ್ತದೆ, ಯಾವುದು ಮೋಸ ಮಾಡುತ್ತದೆ ಎಂದು ವಿಂಗಡಿಸಿದರು. ಹೋಲಿಸಿ ನೋಡಲು ಪಿಎಚ್ ಗೊತ್ತಿರುವ, ಚೂರು ಆಮ್ಲವೋ ಕ್ಷಾರವೋ ಬಿದ್ದರೆ ಹೆಚ್ಚು ಕದಲದ ದ್ರಾವಣಗಳನ್ನು ಫಾಸ್ಫೇಟ್, ಸಿಟ್ರೇಟ್, ಬೋರೇಟ್, ಗ್ಲೈಸೀನ್‌ಗಳಿಂದ ತಯಾರಿಸುವ ಪಟ್ಟಿ ಕೊಟ್ಟರು. ಇವೇ ಬಫರ್ ದ್ರಾವಣಗಳು. ಪ್ಲಾಟಿನಂ ಇಲ್ಲದ ಪ್ರಯೋಗಾಲಯದವರೂ ಕೆಲವು ಸೀಸೆಗಳನ್ನು ಸಾಲಾಗಿಟ್ಟು ಅಳೆಯುವಂತಾಯಿತು. ನಮ್ಮ ಶಾಲೆಯ ಪಿಎಚ್ ಕಾಗದ ಆ ದಾರಿಯಲ್ಲೇ ಬಂದದ್ದು. ಆರತಿ ತಟ್ಟೆಯಲ್ಲಿ ಅರಿಶಿನದ ನೀರಿಗೆ ಸುಣ್ಣ ಹಾಕಿದರೆ ಕೆಂಪಾಗುವುದು ಮಕ್ಕಳಿಗೆ ಗೊತ್ತು. ಅರಿಶಿನ ಸುಣ್ಣವಿದೆ ಎಂದು ಹೇಳುತ್ತದೆ, ಎಷ್ಟಿದೆ ಎಂದು ಹೇಳುವುದಿಲ್ಲ. ಆ ಎಷ್ಟನ್ನು ಹೇಳಿಸಲು ಪಟ್ಟಿ ಬೇಕಾಯಿತು.

ಅವಧಿ ಮುಗಿಯುವಾಗ ಆಲೆಮನೆಯ ಹುಡುಗಿಗೆ ನಾಲ್ಕು ತುಂಡು ಪಿಎಚ್ ಕಾಗದವನ್ನೂ ಬಣ್ಣದ ಪಟ್ಟಿಯನ್ನೂ ಕೊಟ್ಟು ಕಳಿಸಿದೆ. ಹೊಸ ಹಾಲಿಗೊಮ್ಮೆ, ತಾತ ಸುಣ್ಣ ಹಾಕಿದ ಮೇಲೊಮ್ಮೆ ಅದ್ದಿ ನೋಡು, ಹಾಲು ತಣ್ಣಗಿರಲಿ ಎಂದೆ. ಮರುದಿನ ಅವಳು ಕಾಗದಗಳನ್ನು ನೋಟ್‌ಬುಕ್ಕಿಗೆ ಅಂಟಿಸಿಕೊಂಡು ಬಂದಳು. ಮೊದಲನೆಯದು ಐದು ಮತ್ತು ಆರರ ನಡುವೆ, ಎರಡನೆಯದು ಆರು ಮತ್ತು ಏಳರ ನಡುವೆ. ಎರಡು ಕೊಪ್ಪರಿಗೆಗೂ ಹೆಚ್ಚುಕಡಿಮೆ ಅದೇ ಬಣ್ಣ. ತಾತನ ಕಣ್ಣಳತೆ ಎಷ್ಟು ಸ್ಥಿರವಾಗಿದೆ ಎಂದು ಎಲ್ಲರಿಗೂ ಕಂಡಿತು. ಆದರೆ ಹಾಲಿನದೇ ಹಸಿರು ಮಿಶ್ರಿತ ಬಣ್ಣ ಕಾಗದಕ್ಕೆ ಹತ್ತಿ ಸರಿಯಾಗಿ ತಿಳಿಯುವುದಿಲ್ಲ ಎಂದು ಅವಳು ತಾನೇ ದೂರಿದಳು. ಮುಂದಿನ ಭಾಗಕ್ಕೆ ಬಾಗಿಲು ತೆರೆದದ್ದು ಆ ದೂರು.

ಸೋರೆನ್‌ಸೆನ್ ಅಳತೆಯನ್ನು ಪ್ರಕಟಿಸಿದ 1909ರಲ್ಲೇ ಫ್ರಿಟ್ಸ್ ಹಾಬರ್ ಮತ್ತು ಕ್ಲೆಮೆನ್ಸಿಯೆವಿಚ್ ಎಂಬಿಬ್ಬರು ಜರ್ಮನಿಯಲ್ಲಿ ತೆಳುವಾದ ಗಾಜಿನ ಪೊರೆಯೂ ಹೈಡ್ರೋಜನ್ ಅಯಾನಿಗೆ ತಕ್ಕಂತೆ ವೋಲ್ಟೇಜ್ ಕೊಡುತ್ತದೆ ಎಂದು ತೋರಿಸಿದ್ದರು. ಅದಕ್ಕೆ ಪ್ಲಾಟಿನಂ ಬೇಡ, ಹೈಡ್ರೋಜನ್ ಅನಿಲ ಬೇಡ, ದ್ರಾವಣದ ಬಣ್ಣದ ಹಂಗೂ ಇಲ್ಲ. ಆದರೆ ಗಾಜಿನ ಮೂಲಕ ಹರಿಯುವ ವಿದ್ಯುತ್ ತೀರ ಅಲ್ಪವಾದ್ದರಿಂದ ಓದುವುದು ಕಷ್ಟವಾಗಿತ್ತು. 1934ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ನಿಂಬೆಹಣ್ಣು ಬೆಳೆಗಾರರ ಸಂಘದ ರಸಾಯನಶಾಸ್ತ್ರಜ್ಞರೊಬ್ಬರಿಗೆ ಇದೇ ತಲೆನೋವು ಬಂತು. ಅವರ ನಿಂಬೆರಸದಲ್ಲಿ ಸಲ್ಫರ್ ಡೈಆಕ್ಸೈಡ್ ಇತ್ತು. ಅದು ಬಣ್ಣದ ಸೂಚಕಗಳನ್ನು ಬಿಳಿಚಿಸುತ್ತಿತ್ತು, ಹೈಡ್ರೋಜನ್ ಇಲೆಕ್ಟ್ರೋಡನ್ನೂ ಕೆಡಿಸುತ್ತಿತ್ತು. ಅವರು ತಮ್ಮ ಹಳೆಯ ಸಹಪಾಠಿ ಆರ್ನಾಲ್ಡ್ ಬೆಕ್ಮನ್ ಅವರನ್ನು ಕೇಳಿದರು. ಬೆಕ್ಮನ್ ಗಾಜಿನ ಇಲೆಕ್ಟ್ರೋಡಿಗೆ ರೇಡಿಯೊಗಳಲ್ಲಿ ಬಳಸುತ್ತಿದ್ದಂಥ ನಿರ್ವಾತ ಕೊಳವೆಯ ವರ್ಧಕ ಜೋಡಿಸಿ, ಗಟ್ಟಿಮುಟ್ಟಾದ ಮೀಟರ್ ಮಾಡಿಕೊಟ್ಟರು. ಸೋರೆನ್‌ಸೆನ್ ಕೊಟ್ಟ ಅಂಕಿ ಪ್ರಯೋಗಾಲಯದಿಂದ ಕಾರ್ಖಾನೆಯ ನೆಲಕ್ಕೆ ಇಳಿದದ್ದು ಹೀಗೆ.

ನಿಂಬೆರಸದ ಸಲ್ಫರ್ ಡೈಆಕ್ಸೈಡ್ ನಮ್ಮ ಸಕ್ಕರೆ ಕಾರ್ಖಾನೆಗಳಲ್ಲೂ ಇದೆ. ಅರೆದ ಕಬ್ಬಿನ ಹಾಲಿನ ಪಿಎಚ್ ಸುಮಾರು 5.2ರಿಂದ 5.5. ಅದಕ್ಕೆ ನೀರಿನಲ್ಲಿ ಕದಡಿದ ಸುಣ್ಣವನ್ನೂ ಸಲ್ಫರ್ ಡೈಆಕ್ಸೈಡ್ ಅನಿಲವನ್ನೂ ಸೇರಿಸಿ 7ರ ಆಸುಪಾಸಿಗೆ ತಂದು, ಕಾಯಿಸಿ, ಕಸರು ತಳಕ್ಕಿಳಿಯಲು ಬಿಡುತ್ತಾರೆ. ಪಿಎಚ್ ಕೆಳಗೇ ಉಳಿದರೆ ಬಿಸಿ ಹಾಲಿನಲ್ಲಿ ಸುಕ್ರೋಸ್ ಒಡೆದು ಗ್ಲೂಕೋಸ್, ಫ್ರಕ್ಟೋಸ್ ಆಗುತ್ತದೆ. ಹಾಗೆ ಒಡೆದ ಸಕ್ಕರೆ ಮತ್ತೆ ಹರಳಾಗುವುದಿಲ್ಲ. ಮೇಲೆ ಹೋದರೆ ಆ ಗ್ಲೂಕೋಸ್, ಫ್ರಕ್ಟೋಸ್ ಕೆಟ್ಟು ರಸ ಕಂದಾಗುತ್ತದೆ. ತಾತ ಹೇಳುವ ಕಪ್ಪುಬೆಲ್ಲ, ನಿಲ್ಲದ ಅಚ್ಚು ಇವೆರಡರ ಕಥೆಯೂ ಇದೇ. ಆದರೆ ಕಾರ್ಖಾನೆಯಲ್ಲಿ ಹಾಲು ಕೊಪ್ಪರಿಗೆಯಲ್ಲಿ ನಿಂತಿಲ್ಲ, ಕೊಳವೆಯಲ್ಲಿ ಹಗಲೂ ರಾತ್ರಿ ಹರಿಯುತ್ತಿರುತ್ತದೆ. ಒಂದು ಲೋಟ ತೆಗೆದು ಪರೀಕ್ಷಿಸಿ ಬರುವಷ್ಟರಲ್ಲಿ ಆ ಹಾಲು ಮುಂದೆ ಹೋಗಿರುತ್ತದೆ. ಅದಕ್ಕಾಗಿ ಗಾಜಿನ ಇಲೆಕ್ಟ್ರೋಡನ್ನು ಹರಿವಿನಲ್ಲೇ ಕೂರಿಸುತ್ತಾರೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪಿಎಚ್ ಒಂದು ಅಂಕಿ ಬದಲಾದರೆ ವೋಲ್ಟೇಜ್ ಸುಮಾರು 59 ಮಿಲಿವೋಲ್ಟ್ ಬದಲಾಗುತ್ತದೆ. ನಿಯಂತ್ರಕ ಅದನ್ನು ಓದಿ ಸುಣ್ಣದ ಕವಾಟವನ್ನು ತೆರೆಯುತ್ತದೆ, ಮುಚ್ಚುತ್ತದೆ.

ಕಾರ್ಖಾನೆಯಲ್ಲಿ ತಾತನ ಜಾಗದಲ್ಲಿ ಇರುವುದು ಇದು ಎಂದೆ. ಆದರೆ ಈ ತಾತನನ್ನೂ ನೋಡಿಕೊಳ್ಳುವವರು ಬೇಕು. ಗಾಜಿನ ಮೇಲೆ ಪದರ ಕಟ್ಟಿದರೆ ಅದು ಸುಳ್ಳು ಹೇಳತೊಡಗುತ್ತದೆ. ಆಗಾಗ ತೆಗೆದು ತೊಳೆದು, ಪಿಎಚ್ ಗೊತ್ತಿರುವ ಬಫರ್ ದ್ರಾವಣದಲ್ಲಿ ಅದ್ದಿ, ಸರಿಯಾಗಿ ಓದುತ್ತಿದೆಯೇ ಎಂದು ನೋಡಬೇಕು. ಸೋರೆನ್‌ಸೆನ್ ಸೀಸೆಗಳ ಸಾಲು ಅಲ್ಲಿಯೂ ಇದೆ. ಕಬ್ಬಿನ ದರವನ್ನು ಸಕ್ಕರೆ ಇಳುವರಿಯ ಶೇಕಡಾವಾರನ್ನು ನೋಡಿ ನಿಗದಿಮಾಡುತ್ತಾರೆ ಎಂಬುದು ಈ ಮಕ್ಕಳ ಮನೆಗಳಲ್ಲಿ ದಿನದ ಮಾತು. ಕೊಳವೆಯೊಳಗಿನ ಆ ಒಂದು ಅಂಕಿಗೂ ಅಪ್ಪನ ಕೈಗೆ ಬರುವ ಹಣಕ್ಕೂ ಸಂಬಂಧವಿದೆ ಎಂದು ತಿಳಿದಾಗ ತರಗತಿಯಲ್ಲಿ ಯಾರೂ ಮಾತಾಡಲಿಲ್ಲ. ಪದವಿಯಲ್ಲಿದ್ದಾಗ ನಾನೂ ಒಂದು ಸಕ್ಕರೆ ಕಾರ್ಖಾನೆಗೆ ಭೇಟಿ ಕೊಟ್ಟು ಆ ಮೀಟರಿನ ಮುಂದೆ ನಿಂತು ಬಂದವಳೇ. ಅಂದು ಅದು ನನಗೆ ಬರೀ ಒಂದು ಅಂಕಿಯಾಗಿ ಕಂಡಿತ್ತು.

ಇಷ್ಟೆಲ್ಲ ಚೆನ್ನಾಗಿ ಆಯಿತೆಂಬ ಹುಮ್ಮಸ್ಸಿನಲ್ಲಿ ನಾನೊಂದು ತಪ್ಪು ಮಾಡಿದೆ. ಏಳು ಎಂದರೆ ಯಾವಾಗಲೂ ತಟಸ್ಥ, ಎಲ್ಲಿ ಹೋದರೂ ಬದಲಾಗದು ಎಂದು ಒತ್ತಿ ಹೇಳಿ, ಹಲಗೆಯ ಮೇಲೆ ಚೌಕ ಹಾಕಿ ಬರೆದೆ. ಮಾರ್ಗದರ್ಶಕ ಶಿಕ್ಷಕಿ ತರಗತಿಯಲ್ಲಿ ಏನೂ ಹೇಳಲಿಲ್ಲ. ಕುದಿಯುವ ನೀರಿನ ಪಿಎಚ್ ನೋಡಿ ಎಂದು ವೀಕ್ಷಣಾ ಪುಸ್ತಕದಲ್ಲಿ ಬರೆದಿದ್ದರು. ನೋಡಿದೆ. ನೀರು ಬಿಸಿಯಾದಂತೆ ಅದರ ಅಣುಗಳು ಹೆಚ್ಚು ಹೆಚ್ಚು ಅಯಾನುಗಳಾಗುತ್ತವೆ. 100 ಡಿಗ್ರಿಯಲ್ಲಿ ಶುದ್ಧ ನೀರಿನ ಪಿಎಚ್ ಸುಮಾರು 6.1. ಆದರೂ ಆ ನೀರು ಆಮ್ಲವಲ್ಲ, ಏಕೆಂದರೆ ಹೈಡ್ರೋಜನ್ ಅಯಾನು ಎಷ್ಟಿದೆಯೋ ಹೈಡ್ರಾಕ್ಸೈಡ್ ಅಯಾನೂ ಅಷ್ಟೇ ಇದೆ. ತಟಸ್ಥ ಎಂದರೆ ಈ ಎರಡು ಸಮವಾಗಿರುವುದು. ಏಳು ಎಂಬುದು 25 ಡಿಗ್ರಿಯ ಸುಮಾರಿಗೆ ಸಿಗುವ ಅಂಕಿ ಮಾತ್ರ. ಕಾರ್ಖಾನೆಯ ಬಿಸಿ ಹಾಲಿಗೆ ಇದು ಸಣ್ಣ ಮಾತಲ್ಲ. ಕೊಳವೆಯಲ್ಲಿ ಬಿಸಿಯಾಗಿರುವಾಗ ಬಂದ ಅಂಕಿಯೂ ಅದೇ ಹಾಲು ಪ್ರಯೋಗಾಲಯದಲ್ಲಿ ತಣ್ಣಗಾದ ಮೇಲೆ ಬಂದ ಅಂಕಿಯೂ ಒಂದೇ ಆಗಬೇಕಿಲ್ಲ.

ಮರುದಿನ ನನ್ನ ಮೌಲ್ಯಮಾಪನದ ಪಾಠವಿತ್ತು. ಕಾಲೇಜಿನಿಂದ ಉಪನ್ಯಾಸಕರು ಬಂದು ಕೂರುವವರಿದ್ದರು. ಅವರೆದುರಿಗೆ ನಿನ್ನೆ ನಾನು ಹೇಳಿದ್ದು ತಪ್ಪು ಎಂದು ಒಪ್ಪಿಕೊಳ್ಳುವುದೇ, ಇಲ್ಲವೇ ಆ ವಿಷಯವನ್ನೇ ಎತ್ತದೆ ಮುಂದೆ ಹೋಗುವುದೇ? ಮಕ್ಕಳ ನೋಟ್‌ಬುಕ್ಕಿನಲ್ಲಿ ಆ ಚೌಕ ಉಳಿದುಬಿಡುತ್ತದೆ ಎಂಬ ಯೋಚನೆ ರಾತ್ರಿಯೆಲ್ಲ ಬಿಡಲಿಲ್ಲ. ಆಗ ನನಗೆ ನೆರವಾದದ್ದು ಸೋರೆನ್‌ಸೆನ್ ಬದುಕಿನ ಉಳಿದ ಭಾಗ.

1909ರ ಅಳತೆ ಬಲುಬೇಗ ಹರಡಿತು. ಲಿಯೊನೊರ್ ಮಿಖಾಯೆಲಿಸ್ 1914ರಲ್ಲಿ ಹೈಡ್ರೋಜನ್ ಅಯಾನುಗಳ ಸಾರತೆಯ ಬಗ್ಗೆಯೇ ಒಂದು ಪುಸ್ತಕ ಬರೆದರು. ಸೋರೆನ್‌ಸೆನ್ ತಮ್ಮ ಕೆಲಸ ಮುಂದುವರಿಸಿದರು. 1917ರಲ್ಲಿ ಮೊಟ್ಟೆಯ ಬಿಳಿಯ ಪ್ರೋಟೀನನ್ನು ಹರಳುಗಟ್ಟಿಸಿ, ಅದರ ಅಣುರಾಶಿ ಸುಮಾರು 34,000 ಎಂದು ಲೆಕ್ಕ ಹಾಕಿದರು. ಇಂದಿನ ಲೆಕ್ಕಕ್ಕಿಂತ ಅದು ಕಡಿಮೆ, ಆದರೆ ಪ್ರೋಟೀನ್ ಅಣು ಎಷ್ಟು ದೊಡ್ಡದು ಎಂಬ ಅಂದಾಜು ಅದರಿಂದ ಸಿಕ್ಕಿತು. ಅವರ ಪತ್ನಿ ಮಾರ್ಗ್ರೆಥೆ ಹೊಯ್ರುಪ್ ಸೋರೆನ್‌ಸೆನ್ ಕೂಡ ರಸಾಯನಶಾಸ್ತ್ರದ ಕೆಲಸದಲ್ಲಿ ಅವರ ಜೊತೆಗಾರರು.

1924ರಲ್ಲಿ, ಜಗತ್ತೆಲ್ಲ ತಮ್ಮ ಅಳತೆಯನ್ನು ಒಪ್ಪಿಕೊಂಡಿದ್ದಾಗ, ಐವತ್ತಾರು ವರ್ಷದ ಸೋರೆನ್‌ಸೆನ್ ಅದೇ ಅಳತೆಯನ್ನು ತಿದ್ದಿದರು. ಕಿರಿಯ ಸಹೋದ್ಯೋಗಿ ಲಿಂಡರ್‌ಸ್ಟ್ರೋಮ್-ಲಾಂಗ್ ಜೊತೆ ಬರೆದ ಪ್ರಬಂಧದಲ್ಲಿ, ಇಲೆಕ್ಟ್ರೋಡ್ ತೋರಿಸುವುದು ಹೈಡ್ರೋಜನ್ ಅಯಾನುಗಳ ಸಾರತೆಯನ್ನಲ್ಲ, ಅವುಗಳ ಕ್ರಿಯಾಶೀಲತೆಯನ್ನು ಎಂದು ಹೊಸ ವ್ಯಾಖ್ಯೆ ಕೊಟ್ಟರು. ಊರಿನ ಲೆಕ್ಕದಲ್ಲಿ ಹೇಳುವುದಾದರೆ, ಗದ್ದೆಗೆ ಎಷ್ಟು ಜನ ಬಂದರು ಎಂಬುದು ಒಂದು, ಬೇರೆಯವರ ಗುಂಪಿನ ನಡುವೆ ಅವರು ಎಷ್ಟು ಕೆಲಸ ಮಾಡಬಲ್ಲರು ಎಂಬುದು ಇನ್ನೊಂದು. ಅಳತೆಯ ಹೆಸರು ಅದೇ ಉಳಿಯಿತು, ಅರ್ಥ ಸರಿಯಾಯಿತು. 1938ರವರೆಗೆ ಅವರು ಆ ವಿಭಾಗವನ್ನು ನಡೆಸಿದರು. ಅವರ ನಂತರ ಆ ಜಾಗಕ್ಕೆ ಬಂದವರು ಲಿಂಡರ್‌ಸ್ಟ್ರೋಮ್-ಲಾಂಗ್ ಅವರೇ. 1939ರ ಫೆಬ್ರವರಿ 12ರಂದು, ಎಪ್ಪತ್ತೊಂದನೆಯ ವಯಸ್ಸಿನಲ್ಲಿ, ಸೋರೆನ್‌ಸೆನ್ ತೀರಿಕೊಂಡರು.

ನಾನು ಮೌಲ್ಯಮಾಪನದ ಪಾಠವನ್ನು ಆ ತಿದ್ದುಪಡಿಯಿಂದಲೇ ಶುರುಮಾಡಿದೆ. ನಿನ್ನೆ ಚೌಕ ಹಾಕಿ ಬರೆದದ್ದನ್ನು ಮತ್ತೆ ಹಲಗೆಯ ಮೇಲೆ ಬರೆದು, ಅಡ್ಡಗೆರೆ ಎಳೆದು, ಏಕೆ ತಪ್ಪು ಎಂದು ವಿವರಿಸಿದೆ. ಕೈ ಸ್ವಲ್ಪ ನಡುಗಿತು. ಮಕ್ಕಳು ತಮ್ಮ ಪುಸ್ತಕದಲ್ಲೂ ಗೆರೆ ಎಳೆದುಕೊಂಡರು. ಉಪನ್ಯಾಸಕರು ಎಷ್ಟು ಅಂಕ ಕೊಟ್ಟರೆಂದು ಇಲ್ಲಿ ಬರೆಯುವ ಅಗತ್ಯವಿಲ್ಲ. ಆಲೆಮನೆಯ ಹುಡುಗಿ ಕೊನೆಗೆ ಇನ್ನೊಂದು ಪ್ರಶ್ನೆ ಕೇಳಿದಳು. ಹಾಗಾದರೆ ಕಾಗದವನ್ನು ತಣ್ಣಗಿನ ಹಾಲಿಗೇ ಅದ್ದಬೇಕು ಎಂದು ನೀವು ಹೇಳಿದ್ದು ಇದಕ್ಕೇನಾ ಮಿಸ್ ಎಂದು. ಕೈ ಸುಟ್ಟುಕೊಳ್ಳದಿರಲಿ ಎಂದು ಹೇಳಿದ್ದೆ ಅಷ್ಟೇ ಎಂದು ಒಪ್ಪಿಕೊಂಡೆ. ಈ ಸಲ ನಕ್ಕವರಲ್ಲಿ ಮಾರ್ಗದರ್ಶಕ ಶಿಕ್ಷಕಿಯೂ ಇದ್ದರು.

ಈ ಘಟಕ ಮಾಡುವವರಿಗೆ ನನ್ನ ಅನುಭವದ ಎರಡು ಮಾತು. ಚಾರ್ಟನ್ನು ಮೊದಲೇ ತೂಗುಹಾಕಬೇಡಿ. ಸಾವಿರ, ಲಕ್ಷ, ಕೋಟಿಗಳ ಸೊನ್ನೆ ಎಣಿಸಿ ಮುಗಿದ ಮೇಲೆ ತೂಗುಹಾಕಿದರೆ ಮಕ್ಕಳು ಅದನ್ನು ತಾವೇ ಓದುತ್ತಾರೆ. ಮತ್ತು ತಟಸ್ಥವೆಂದರೆ ಏಳು ಎಂದು ಬರೆಯುವಾಗ ಪಕ್ಕದಲ್ಲಿ 25 ಡಿಗ್ರಿ ಸೆಲ್ಸಿಯಸ್ ಎಂದು ಬರೆಯಲು ಮರೆಯಬೇಡಿ.